ಹದಿಮೂರು ಅಧ್ಯಾಯಗಳಿಂದ ಸಾವಿರ ಪುಟಕ್ಕೆ

ಕಾಲೇಜಿನ ಮೊದಲ ವರ್ಷದ ಜೀವವಿಜ್ಞಾನದ ಮೇಲೆ ಎಂದೂ ಬದಲಾಗದ ಒಂದು ದೂರಿದೆ: ಪೋರ್ಷನ್ ಮುಗಿಯುವುದಿಲ್ಲ. ಅಮೆರಿಕದಲ್ಲಿ ವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಹಿಡಿದವರು ಸಾವಿರ ಪುಟ ಮೀರಿದ ಪಠ್ಯಪುಸ್ತಕವನ್ನು ಎರಡು ಸೆಮಿಸ್ಟರಿನಲ್ಲಿ ದಾಟಬೇಕು. ರಸಾಯನಶಾಸ್ತ್ರದ ಜೊತೆಗೆ ಸಸ್ಯ, ಪ್ರಾಣಿಶಾಸ್ತ್ರಗಳನ್ನು ಹಿಡಿದ ನಮ್ಮ ಸಿಬಿಝೆಡ್ ವಿದ್ಯಾರ್ಥಿ ಸಸ್ಯಶಾಸ್ತ್ರಕ್ಕೊಂದು, ಪ್ರಾಣಿಶಾಸ್ತ್ರಕ್ಕೊಂದು ಯೂನಿಟ್ ಪಟ್ಟಿ ಹಿಡಿದು ಅದೇ ಓಟ ಓಡಬೇಕು. ಕಾರಣ ಕೇಳಿದರೆ ಪಾಠ ಮಾಡುವವರು, ಪುಸ್ತಕ ಬರೆಯುವವರು, ಪಠ್ಯಕ್ರಮ ಸಮಿತಿಯವರು ಎಲ್ಲರೂ ಹೇಳುವುದು ಒಂದೇ: ವಿಜ್ಞಾನ ಬೆಳೆದಿದೆ, ಪಾಠವೂ ಬೆಳೆಯಲೇಬೇಕು. ಈ ಮಾತು ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಈ ಕೋರ್ಸು ಹುಟ್ಟಿದ ಬಗೆಯನ್ನು ನೋಡಬೇಕು. ಏನನ್ನು ಸೇರಿಸಬೇಕು ಎನ್ನುವುದರಷ್ಟೇ ಏನನ್ನು ಕೈಬಿಡಬಹುದು ಎಂದೂ ಯೋಚಿಸಿ ಕಟ್ಟಿದ ಕೋರ್ಸು ಅದು. ಆಮೇಲೆ ಅದನ್ನು ಊದಿಸಿದ್ದರಲ್ಲಿ ಜ್ಞಾನಕ್ಕಿಂತ ಪರೀಕ್ಷೆಯ ಪಾಲು ದೊಡ್ಡದು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇಂಗ್ಲೆಂಡಿನಲ್ಲಿ ವೈದ್ಯ ವಿದ್ಯಾರ್ಥಿಗಳು ಔಷಧದ ಗಿಡ ಗುರುತಿಸಲೆಂದು ಸಸ್ಯಶಾಸ್ತ್ರ ಓದುತ್ತಿದ್ದರು; ಪ್ರಾಣಿಶಾಸ್ತ್ರವೆಂದರೆ ಬಹುಮಟ್ಟಿಗೆ ಗಾಜಿನ ಬೀರುವಿನೊಳಗಿನ ಮಾದರಿಗಳನ್ನು ಕುರಿತ ಉಪನ್ಯಾಸ. ಲಂಡನ್ನಿನ ಜರ್ಮಿನ್ ಸ್ಟ್ರೀಟಿನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ 1854ರಿಂದ ಪಾಠ ಹೇಳುತ್ತಿದ್ದ ಥಾಮಸ್ ಹೆನ್ರಿ ಹಕ್ಸ್‌ಲಿಗೆ ಅಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಕೆಲಸ ಮಾಡಿಸಲು ಪ್ರಯೋಗಾಲಯವೇ ಇರಲಿಲ್ಲ. 1870ರ ಶಿಕ್ಷಣ ಕಾಯ್ದೆಯಿಂದ ಶಾಲೆಗಳು ಹೆಚ್ಚುವುದು ಖಚಿತವಾಯಿತು, ಶಾಲೆಗಳಲ್ಲಿ ವಿಜ್ಞಾನ ಹೇಳಬಲ್ಲ ಮಾಸ್ತರರು ಬೇಕಾದರು. ಆಗ ವಿಜ್ಞಾನ ಮತ್ತು ಕಲಾ ಇಲಾಖೆ ಹೇಳಿಕೊಟ್ಟವರಿಗೆ ಹಣ ಕೊಡುತ್ತಿದ್ದುದು ಇಲಾಖೆಯ ಪರೀಕ್ಷೆಯಲ್ಲಿ ಅವರ ಶಿಷ್ಯರು ತೇರ್ಗಡೆಯಾದ ಲೆಕ್ಕದ ಮೇಲೆ. ಹೀಗೆ ಕಲಿಸುತ್ತಿದ್ದವರಲ್ಲಿ ಎಷ್ಟೋ ಜನ ವಿಷಯವನ್ನು ಪುಸ್ತಕದಲ್ಲಿ ಓದಿದ್ದರೇ ಹೊರತು ಜೀವಿಯನ್ನು ಬಿಡಿಸಿ ನೋಡಿದವರಲ್ಲ. ಅವರನ್ನೇ ಕರೆಸಿ ಹಕ್ಸ್‌ಲಿ 1871ರ ಬೇಸಗೆಯಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ಒಂದು ಕಿರು ಕೋರ್ಸು ನಡೆಸಿದ. 1872ರಲ್ಲಿ ಅಲ್ಲಿನ ಹೊಸ ಕಟ್ಟಡ ಸಿಕ್ಕಿದ ಮೇಲೆ ಅದು ನೆಲೆ ನಿಂತಿತು. ಕ್ರಮ ಸರಳ: ಮೊದಲು ಉಪನ್ಯಾಸ, ಆಮೇಲೆ ಅದೇ ಜೀವಿಯನ್ನು ಎದುರಿಗಿಟ್ಟುಕೊಂಡು, ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊಯ್ದು, ಚಿತ್ರ ಬರೆಯುವುದು.

ಈ ಕೋರ್ಸಿನ ರೂಪ ನಮಗೆ ತಿಳಿಯುವುದು ಹಕ್ಸ್‌ಲಿ ತನ್ನ ಸಹಾಯಕ ಹೆನ್ರಿ ನ್ಯೂವೆಲ್ ಮಾರ್ಟಿನ್ ಜೊತೆಗೂಡಿ 1875ರಲ್ಲಿ ತಂದ ಪ್ರಾಯೋಗಿಕ ಕೈಪಿಡಿಯಿಂದ. ಅದರಲ್ಲಿರುವುದು ಹದಿಮೂರೇ ಅಧ್ಯಾಯ. ಯೀಸ್ಟಿನಿಂದ ಶುರು, ಆಮೇಲೆ ಒದ್ದೆ ಗೋಡೆಯ ಮೇಲೆ ಹಸಿರಾಗಿ ಹಬ್ಬುವ ಪ್ರೋಟೊಕಾಕಸ್, ಅಮೀಬಾ, ಬ್ಯಾಕ್ಟೀರಿಯಾ, ಬೂಷ್ಟು, ನೀರಿನೊಳಗೆ ಬೆಳೆಯುವ ಕಾರಾ ಪಾಚಿ, ಜರೀಗಿಡ, ಬೀನ್ಸ್ ಗಿಡ, ಅಲ್ಲಿಂದ ಗಂಟೆಯಾಕಾರದ ವೋರ್ಟಿಸೆಲ್ಲಾ, ಹೈಡ್ರಾ, ಸಿಹಿನೀರಿನ ಕಪ್ಪೆಚಿಪ್ಪು, ಕ್ರೇಫಿಶ್ ಮತ್ತು ಲಾಬ್‌ಸ್ಟರ್, ಕೊನೆಗೆ ಕಪ್ಪೆ. ಒಂದೊಂದರ ಆಯ್ಕೆಯ ಹಿಂದೆಯೂ ಒಂದು ಪ್ರಶ್ನೆಯಿದೆ. ಯೀಸ್ಟಿಗೆ ಹಸಿರಿಲ್ಲ, ಪ್ರೋಟೊಕಾಕಸ್‌ಗೆ ಇದೆ; ಎರಡೂ ಒಂಟಿ ಜೀವಕೋಶ. ಹಾಗಾದರೆ ಒಂದು ತಯಾರಾದ ಆಹಾರ ಬೇಡುತ್ತದೆ, ಇನ್ನೊಂದು ಬೆಳಕಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ ಏಕೆ? ಕಾರಾದ ಕೋಶಗಳು ಎಷ್ಟು ದೊಡ್ಡವೆಂದರೆ ಒಳಗಿನ ಜೀವರಸ ಹರಿಯುವುದನ್ನು ಹೊಸ ವಿದ್ಯಾರ್ಥಿಯೂ ಕಣ್ಣಾರೆ ಕಾಣಬಹುದು. ಸಸ್ಯ, ಪ್ರಾಣಿ ಎಂಬ ಗೋಡೆಯನ್ನು ಈ ಪಟ್ಟಿ ಲೆಕ್ಕಿಸುವುದಿಲ್ಲ. ಜೀವಿ ಎಂದರೇನು, ಅದು ಹೇಗೆ ಉಣ್ಣುತ್ತದೆ, ಹೇಗೆ ಚಲಿಸುತ್ತದೆ, ಹೇಗೆ ತನ್ನಂತೆ ಇನ್ನೊಂದನ್ನು ಮಾಡುತ್ತದೆ ಎಂಬ ಪ್ರಶ್ನೆಗಳೇ ಅದನ್ನು ಹಿಡಿದು ನಡೆಸುತ್ತವೆ.

ಪಟ್ಟಿಯಲ್ಲಿ ಇಲ್ಲದವುಗಳ ಕಡೆಗೂ ನೋಡಿ. ಪ್ರಾಣಿಗಳಲ್ಲೆಲ್ಲ ಹೆಚ್ಚು ಬಗೆಯುಳ್ಳ ಕೀಟಗಳಿಗೆ ಒಂದು ಅಧ್ಯಾಯವಿಲ್ಲ. ಮೀನು ಇಲ್ಲ, ಹಕ್ಕಿ ಇಲ್ಲ, ಹಾಲೂಡುವ ಪ್ರಾಣಿಯೂ ಇಲ್ಲ. ಬೆನ್ನೆಲುಬಿನ ಬಳಗಕ್ಕೆಲ್ಲ ಕಪ್ಪೆಯೊಂದೇ ಪ್ರತಿನಿಧಿ. ಡಾರ್ವಿನ್ನನ ಪರವಾಗಿ ಇಡೀ ಇಂಗ್ಲೆಂಡಿನೊಡನೆ ಜಗಳವಾಡಿದ ಮನುಷ್ಯ ತನ್ನ ಕೈಪಿಡಿಯಲ್ಲಿ ವಿಕಾಸವಾದಕ್ಕೊಂದು ಅಧ್ಯಾಯವನ್ನೂ ಇಡಲಿಲ್ಲ. ಇದು ಮರೆವಲ್ಲ. ಒಂದು ಕ್ರೇಫಿಶ್ಶನ್ನು ಸರಿಯಾಗಿ ನೋಡಲು ಕಲಿತವನು ಕೀಟವನ್ನು ತಾನಾಗಿ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆಯ ಮೇಲೇ ಹಕ್ಸ್‌ಲಿ ಮುಂದೆ ಕ್ರೇಫಿಶ್ ಒಂದನ್ನೇ ಹಿಡಿದು ಪ್ರಾಣಿಶಾಸ್ತ್ರಕ್ಕೆ ಪ್ರವೇಶ ಕೊಡುವ ಪುಸ್ತಕವನ್ನೂ ಬರೆದ. 1876ರಲ್ಲಿ ಮಾರ್ಟಿನ್ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ ಜೀವವಿಜ್ಞಾನದ ಮೊದಲ ಪ್ರಾಧ್ಯಾಪಕನಾಗಿ ಹೋದಾಗ ಈ ಬಗೆಯ ಪಾಠವೂ ಅಮೆರಿಕಕ್ಕೆ ಹೋಯಿತು. ಅಲ್ಲಿ ಕಲಿತ ವಿಲಿಯಂ ಸೆಜ್‌ವಿಕ್ ಮತ್ತು ಎಡ್ಮಂಡ್ ವಿಲ್ಸನ್ ಗುರುವನ್ನೂ ಮೀರಿಸಿದರು: 1886ರ ಅವರ ಪ್ರವೇಶ ಪಠ್ಯ ನೆಚ್ಚಿಕೊಂಡದ್ದು ಮುಖ್ಯವಾಗಿ ಎರಡೇ ಜೀವಿಗಳನ್ನು, ಒಂದು ಜರೀಗಿಡ, ಒಂದು ಎರೆಹುಳ.

ಪಲ್ಲಟ ಶುರುವಾದದ್ದು ಇಂಗ್ಲೆಂಡಿನಲ್ಲೇ. ಹಕ್ಸ್‌ಲಿಯ ತರಗತಿಯಲ್ಲಿ 1884-85ರಲ್ಲಿ ಕೂತಿದ್ದ ಎಚ್. ಜಿ. ವೆಲ್ಸ್, ಕಾದಂಬರಿಕಾರನಾಗುವ ಮೊದಲು, 1893ರಲ್ಲಿ ಒಂದು ಜೀವವಿಜ್ಞಾನ ಪಠ್ಯ ಬರೆದ. ಅದನ್ನು ಬರೆಸಿದ್ದು ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಅಂಚೆಯ ಮೂಲಕ ತಯಾರಿ ಮಾಡಿಸುತ್ತಿದ್ದ ಸಂಸ್ಥೆಯ ಅಗತ್ಯ. ಪ್ರಯೋಗಾಲಯದ ಮೆಟ್ಟಿಲು ಹತ್ತದ ಓದುಗನಿಗೆ ಮೊಲ, ಕಪ್ಪೆ, ಶಾರ್ಕ್ ಜಾತಿಯ ಮೀನು ಇವುಗಳ ಅಂಗಗಳು ಹೆಸರು ಬರೆದ ಚಿತ್ರಗಳಾಗಿ ಸಿಕ್ಕಿದವು. ವೆಲ್ಸ್ ಕೆಟ್ಟ ಪುಸ್ತಕ ಬರೆದನೆಂದಲ್ಲ; ಅವನಿಗಿದ್ದ ಕೆಲಸವೇ ಬೇರೆ. ಪರೀಕ್ಷಕ ಏನನ್ನು ಬೇಕಾದರೂ ಕೇಳಬಹುದು ಎಂದಾದಾಗ ಪುಸ್ತಕ ಯಾವುದನ್ನೂ ಬಿಡುವಂತಿಲ್ಲ. ನೋಡುವ ಕಣ್ಣಿಗೆ ಅಭ್ಯಾಸ ಕೊಡಲು ಆರಿಸಿದ ಮಾದರಿ ಜೀವಿ ಇಲ್ಲಿ ಒಪ್ಪಿಸಬೇಕಾದ ಪಾಠವಾಯಿತು.

ನಮ್ಮಲ್ಲಿಗೆ ಈ ವಿದ್ಯೆ ಬಂದದ್ದು ಹೆಚ್ಚಾಗಿ ಈ ಎರಡನೆಯ ದಾರಿಯಿಂದ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯಲ್ಲಿ ಮೊದಲಿಗೆ ಪರೀಕ್ಷೆ ನಡೆಸುವ ಸಂಸ್ಥೆಗಳೇ. ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರದ ಆಧಾರಗ್ರಂಥವಾಗಿ ಬಹುಕಾಲ ಉಳಿದದ್ದು 1897ರ ಪಾರ್ಕರ್ ಮತ್ತು ಹ್ಯಾಸ್‌ವೆಲ್; ಅದರ ಪ್ರಾಣಿಗಳೋ ಯೂರೋಪಿನ ಹೊಳೆ, ಆಸ್ಟ್ರೇಲಿಯದ ಕಡಲು, ನ್ಯೂಜಿಲೆಂಡಿನ ದಡದವು. ಲಕ್ನೋದ ಕೆ. ಎನ್. ಬಹ್ಲ್ ಇದಕ್ಕೆ ಕೊಟ್ಟ ಉತ್ತರ ದೊಡ್ಡದು. ನಮ್ಮ ಎರೆಹುಳ ಫೆರೆಟಿಮಾ ವಿಲಾಯತಿಯ ಎರೆಹುಳದಂತಲ್ಲ, ಅದರ ವಿಸರ್ಜನಾಂಗಗಳಾದ ನೆಫ್ರಿಡಿಯಾಗಳಲ್ಲಿ ಹಲವು ಕರುಳಿನೊಳಕ್ಕೇ ತೆರೆಯುತ್ತವೆ ಎಂದು ಅವರು ತಾವೇ ಕೊಯ್ದು ಕಂಡುಹಿಡಿದಿದ್ದರು. 1926ರಲ್ಲಿ ಆ ಹುಳದ ಮೇಲೆ ಅವರು ಬರೆದ ಪುಸ್ತಿಕೆಯಿಂದ ಭಾರತೀಯ ಪ್ರಾಣಿಮಾದರಿಗಳ ಒಂದು ಮಾಲೆಯೇ ಶುರುವಾಯಿತು: ಬೈನಿ ಪ್ರಸಾದ್ ಗದ್ದೆ ಕೆರೆಗಳ ಬಸವನಹುಳು ಪೈಲಾದ ಮೇಲೆ, ಇ. ಎಂ. ತಿಲ್ಲೈಯಂಪಲಂ ಎಂಬ ಅಧ್ಯಾಪಕಿ ಸ್ಕೋಲಿಯೊಡಾನ್ ಎಂಬ ಶಾರ್ಕಿನ ಮೇಲೆ, ಭಾಟಿಯಾ ಜಿಗಣೆಯ ಮೇಲೆ ಬರೆದರು. ಹಕ್ಸ್‌ಲಿಯ ದಾರಿಯನ್ನೇ ಹಿಡಿದವರು ಇವರು, ಸುತ್ತ ಸಿಗುವ ಜೀವಿಯನ್ನೇ ಎತ್ತಿಕೊಂಡರು. ಮುಂದೆ ಏನಾಯಿತು ಎಂಬುದನ್ನು ಪ್ರಾಣಿಶಾಸ್ತ್ರ ಓದಿದ ಯಾರಾದರೂ ಹೇಳಬಲ್ಲರು. ಬಹ್ಲ್ ಅವರ ಶೋಧ "ಫೆರೆಟಿಮಾದ ನೆಫ್ರಿಡಿಯಾಗಳನ್ನು ಅಂದವಾದ ಚಿತ್ರದೊಡನೆ ವಿವರಿಸಿ" ಎಂಬ ಹತ್ತಂಕದ ಪ್ರಶ್ನೆಯಾಯಿತು. ಕೊಯ್ಯುವ ಬದಲು ಗೈಡಿನ ಚಿತ್ರವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿದರೆ ಸಾಕಾಯಿತು. ತರಗತಿಯ ಆಚೆಗೂ ಗಿಡ ತೋರಿಸಿದ ಅಧ್ಯಾಪಕರು ಇರಲಿಲ್ಲವೆಂದಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆ. ಆದರೆ ಅಂಥ ಸುತ್ತಾಟಕ್ಕೆ ಅಂಕಪಟ್ಟಿಯಲ್ಲಿ ಜಾಗ ಎಷ್ಟು?

ಇಲ್ಲಿಗೆ ಮೊದಲ ಆಕ್ಷೇಪಣೆ ಬರುತ್ತದೆ: ಹಕ್ಸ್‌ಲಿಯ ಕಾಲದಲ್ಲಿ ತಿಳಿದದ್ದೇ ಕಡಿಮೆ, ಬಿಡುವುದು ಸುಲಭವಿತ್ತು. ಇದು ನಿಲ್ಲುವ ವಾದವಲ್ಲ. ಆ ಹೊತ್ತಿಗೆ ಹೆಸರಿಟ್ಟ ಜೀವಿಗಳು ಲಕ್ಷಗಟ್ಟಲೆ. ಬೆಂಥಮ್ ಮತ್ತು ಹೂಕರ್ 1862ರಲ್ಲಿ ಶುರುಮಾಡಿದ ಬೀಜಸಸ್ಯಗಳ ಮಹಾಗ್ರಂಥ ಇನ್ನೂ ಮುಗಿದಿರಲಿಲ್ಲ. ಸೌತ್ ಕೆನ್ಸಿಂಗ್ಟನ್ ಪ್ರಯೋಗಾಲಯ ನೆಲೆ ನಿಂತ 1872ರ ಕೊನೆಯಲ್ಲೇ ಚಾಲೆಂಜರ್ ಹಡಗು ಕಡಲಾಳದ ಜೀವಿಗಳನ್ನು ಎತ್ತಲು ಹೊರಟಿತು. ಅದರ ವರದಿ ಐವತ್ತು ಸಂಪುಟ ತುಂಬಿತು. ಕೋರ್ಸಿಗೆ ತುರುಕಲು ಸಾಮಗ್ರಿಗೆ ಬರವೇನೂ ಇರಲಿಲ್ಲ. 1953ರ ಡಿಎನ್‌ಎ ರಚನೆಯ ಶೋಧದ ನಂತರ ಬಂದದ್ದು ಬೇರೆ ತೂಕದ ಜ್ಞಾನ ಎನ್ನುವುದನ್ನು ಒಪ್ಪಬೇಕು. ಅದನ್ನು ಬಿಟ್ಟು ಇಂದು ಜೀವವಿಜ್ಞಾನ ಹೇಳುವಂತಿಲ್ಲ. ಆದರೆ ಹೊಸದು ಬಂದಾಗ ಹಳೆಯದು ಜಾಗ ಬಿಡಲಿಲ್ಲ. ನೀಲ್ ಕ್ಯಾಂಬೆಲ್ 1987ರಲ್ಲಿ ತಂದ ಪಠ್ಯ ಕೋಶದಿಂದ ಪರಿಸರದವರೆಗೆ ಎಲ್ಲವನ್ನೂ ಹಿಡಿಯುವ ಪುಸ್ತಕ, ಒಳ್ಳೆಯ ಪುಸ್ತಕ ಕೂಡ. ಅದರ ಗಾತ್ರಕ್ಕೆ ಕಾರಣ ಅದರ ಓದುಗರಲ್ಲೂ ಇದೆ: ಒಂದೇ ಸಭಾಂಗಣದಲ್ಲಿ ವೈದ್ಯನಾಗಹೊರಟವನು, ಸಂಶೋಧಕಿಯಾಗಬೇಕೆನ್ನುವವಳು, ಅರಣ್ಯ ಇಲಾಖೆಗೆ ಹೋಗುವವನು ಎಲ್ಲರೂ ಕೂತಿರುತ್ತಾರೆ. ನಮ್ಮಲ್ಲಿ ಈ ಒತ್ತಡ ಇನ್ನೂ ಮೊದಲೇ, ಪಿಯುಸಿಯಲ್ಲೇ ಮೇಲೆ ಬೀಳುತ್ತದೆ; ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವವಿಜ್ಞಾನದ್ದು. ಪದವಿಗೆ ಬರುವ ಹೊತ್ತಿಗೆ ಜೀವವಿಜ್ಞಾನವೆಂದರೆ ಸರಿಯುತ್ತರ ಗುರುತಿಸುವ ಕೆಲಸ ಎಂಬ ಅಭ್ಯಾಸ ಬಲಿತಿರುತ್ತದೆ.

ಎರಡನೆಯ ಆಕ್ಷೇಪಣೆಗೆ ಹೆಚ್ಚು ಬಲವಿದೆ. ಹಕ್ಸ್‌ಲಿಯ ಬಳಿ ಪ್ರಯೋಗ ತೋರಿಸಲು ನಿಂತವರು ಮೈಕಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್, ವಿಲಿಯಂ ರುದರ್‌ಫರ್ಡ್ ಅಂಥವರು. ಎಲ್ಲರೂ ಮುಂದೆ ಹೆಸರಾಂತ ಪ್ರಾಧ್ಯಾಪಕರು. ನೂರಾರು ಮಕ್ಕಳ ತರಗತಿಗೆ ಒಬ್ಬ ಅತಿಥಿ ಉಪನ್ಯಾಸಕ, ನಾಲ್ಕು ಸೂಕ್ಷ್ಮದರ್ಶಕ ಇರುವಲ್ಲಿ ಆ ಕಾಲದ ಮಾತೇಕೆ? ಪ್ರಯೋಗಾಲಯದ ಮಟ್ಟಿಗೆ ಇದಕ್ಕೆ ಉತ್ತರ ಹಣವೊಂದೇ. ಆದರೆ ದೊಡ್ಡ ತರಗತಿಯಲ್ಲಿ ಒಪ್ಪಿಸುವುದೊಂದೇ ದಾರಿ ಎನ್ನುವುದನ್ನು ಪುರಾವೆ ಒಪ್ಪುವುದಿಲ್ಲ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟುಹಾಕಿ 2014ರಲ್ಲಿ ತೋರಿಸಿದ್ದು ಇಷ್ಟು: ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇಕಡ 34 ಮಂದಿ ನಪಾಸಾದರೆ, ತರಗತಿಯಲ್ಲೇ ಪ್ರಶ್ನೆ ಬಿಡಿಸುತ್ತ ಚರ್ಚಿಸುತ್ತ ಕಲಿತವರಲ್ಲಿ ಸುಮಾರು ಶೇಕಡ 22. ಹಾಗೆ ಕಲಿಸಲು ಹೊತ್ತು ಬೇಕು. ಹೊತ್ತು ಸಿಗಬೇಕಾದರೆ ಪಾಠ ಬಿಡಬೇಕು.

ಮೂರನೆಯದು ಕಪ್ಪೆಯ ಪರವಾದ ಆಕ್ಷೇಪಣೆ. ಲೆಕ್ಕವಿಲ್ಲದಷ್ಟು ಕಪ್ಪೆಗಳು ಮೇಣದ ತಟ್ಟೆಯ ಮೇಲೆ ಸತ್ತದ್ದು ಈ ಪದ್ಧತಿಯಿಂದಲೇ ಅಲ್ಲವೇ? ಹೌದು. ಯುಜಿಸಿ 2011ರಲ್ಲಿ ಡಿಸೆಕ್ಷನ್ನನ್ನು ಹಂತಹಂತವಾಗಿ ಕೈಬಿಡಲು ಸೂಚಿಸಿ, 2014ರಲ್ಲಿ ಪೂರ್ತಿ ನಿಲ್ಲಿಸಿದ್ದು ಸರಿಯಾದ ಕ್ರಮ. ಅಂಕಕ್ಕಾಗಿ ವರ್ಷವರ್ಷವೂ ಅದೇ ನರವನ್ನು ಬಿಡಿಸಿ ತೋರಿಸಲು ಜೀವ ತೆಗೆಯುವುದಕ್ಕೆ ಸಮರ್ಥನೆಯಿಲ್ಲ. ಆದರೆ ಚಾಕು ಹೋದರೂ ಅಂಗಗಳ ಹೆಸರಿನ ಪಟ್ಟಿ ಹೋಗಲಿಲ್ಲ, ನೋಡಿ ಹೆಸರು ಗುರುತಿಸಬೇಕಾದ ಬಾಟಲಿಯೊಳಗಿನ ಸ್ಪಾಟರುಗಳೂ ಹೋಗಲಿಲ್ಲ. ಹಕ್ಸ್‌ಲಿಯ ಹದಿಮೂರರಲ್ಲಿ ಮೊದಲ ಎಂಟು ಅಧ್ಯಾಯಗಳಿಗೆ ಒಂದು ಕಪ್ಪೆಯನ್ನೂ ಕೊಲ್ಲಬೇಕಾಗಿಲ್ಲ ಎಂಬುದನ್ನು ಯಾರೂ ನೆನೆಯಲಿಲ್ಲ. ಯೀಸ್ಟು, ಬೂಷ್ಟು, ಪಾಚಿ, ಜರೀಗಿಡ, ಬೀನ್ಸ್ ಇಂದಿಗೂ ಯಾವ ತಾಲ್ಲೂಕು ಕಾಲೇಜಿಗೂ ದುಬಾರಿಯಲ್ಲ.

ಬಿಡುವ ಧೈರ್ಯ ಅಲ್ಲಲ್ಲಿ ಮರಳುತ್ತಿದೆ. ಅಮೆರಿಕದಲ್ಲಿ 2011ರಲ್ಲಿ ಬಂದ 'ವಿಷನ್ ಅಂಡ್ ಚೇಂಜ್' ವರದಿ ಪದವಿ ಮಟ್ಟದ ಜೀವವಿಜ್ಞಾನವನ್ನು ವಿಕಾಸ, ರಚನೆ ಮತ್ತು ಕಾರ್ಯ, ಮಾಹಿತಿಯ ಹರಿವು, ಶಕ್ತಿ ಮತ್ತು ದ್ರವ್ಯದ ಪರಿವರ್ತನೆ, ವ್ಯವಸ್ಥೆಗಳು ಎಂಬ ಐದು ವಿಚಾರಗಳ ಸುತ್ತ ಕಟ್ಟಲು ಹೇಳಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ನಾಲ್ಕು ವರ್ಷದ ಪದವಿಯನ್ನು ಶುರುಮಾಡಿ, ಮುಂದೆ ಭೌತವಿಜ್ಞಾನಕ್ಕೋ ಗಣಿತಕ್ಕೋ ಹೋಗುವವರೂ ಮೊದಲ ಮೂರು ಸೆಮಿಸ್ಟರ್ ಜೀವವಿಜ್ಞಾನ ಓದುವಂತೆ ಮಾಡಿತು. ಉಳಿದ ಕಾಲೇಜುಗಳಿಗೆ ಅಷ್ಟು ಸ್ವಾತಂತ್ರ್ಯವಿಲ್ಲ; ಅಲ್ಲಿ ನಿರ್ಧಾರ ಪಠ್ಯಕ್ರಮ ಸಮಿತಿಗಳದು. ಆ ಸಮಿತಿಗಳಲ್ಲಿ ಕೂರುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಪರಿಷ್ಕರಣೆಯಲ್ಲಿ ಹೊಸ ಯೂನಿಟ್ಟುಗಳ ಪಕ್ಕದಲ್ಲೇ ಯಾವುದನ್ನು, ಏಕೆ ಕೈಬಿಟ್ಟಿರಿ ಎಂಬ ಪಟ್ಟಿಯನ್ನೂ ಅಚ್ಚು ಹಾಕಿಸಿ.