ಮೈದಾನ ಕಳೆದುಕೊಂಡ ಕ್ಲಬ್ಬು

ಆಸ್ಟ್ರೇಲಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕ್ರಿಕೆಟ್. ಆದರೆ ಚಳಿಗಾಲ ಬಂತೆಂದರೆ ಮೆಲ್ಬರ್ನ್ ನಗರದ ಜನಕ್ಕೆ ತಮ್ಮದೇ ನೆಲದ ಫುಟ್‌ಬಾಲ್ ಬೇಕು. 1859ರಲ್ಲಿ ಅದೇ ನಗರದಲ್ಲಿ ಈ ಆಟದ ನಿಯಮಗಳನ್ನು ಬರೆದಿಟ್ಟರು. ಕ್ರಿಕೆಟ್ ಮೈದಾನದಲ್ಲೇ ಆಡುವ ಆಟ. ಪಕ್ಷಕ್ಕೆ 18 ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ನಡುವಣ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ.

ಮೆಲ್ಬರ್ನಿನ ಒಂದೊಂದು ಬಡಾವಣೆಗೂ ತನ್ನದೇ ಕ್ಲಬ್ಬು. ಕಾರ್ಖಾನೆಯ ಕೆಲಸಗಾರರು ತುಂಬಿದ್ದ ಫಿಟ್ಸ್‌ರಾಯ್ ಬಡಾವಣೆಯಲ್ಲಿ 1883ರಲ್ಲಿ ಹುಟ್ಟಿದ ಕ್ಲಬ್ಬಿನ ಕಥೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ. ಬ್ರನ್ಸ್‌ವಿಕ್ ಬೀದಿಯ ಮೈದಾನ ಅದರ ಮನೆ. 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಆರಂಭವಾದಾಗ ಸೇರಿದ 8 ಕ್ಲಬ್ಬುಗಳಲ್ಲಿ ಇದೂ ಒಂದು. 1898ರಿಂದ 1944ರವರೆಗೆ 8 ಬಾರಿ ಪ್ರಶಸ್ತಿ ಗೆದ್ದಿತು. ಅದರಲ್ಲಿ 1916ರ ಗೆಲುವು ವಿಚಿತ್ರವಾದದ್ದು. ಯುದ್ಧಕಾಲವಾದ್ದರಿಂದ ಆ ವರ್ಷ ಆಡಿದ್ದು ನಾಲ್ಕೇ ತಂಡಗಳು. ಫಿಟ್ಸ್‌ರಾಯ್ ಕಟ್ಟಕಡೆಯ ಸ್ಥಾನದಲ್ಲಿತ್ತು. ಆದರೆ ನಾಲ್ಕೂ ತಂಡಗಳಿಗೆ ಅಂತಿಮ ಸುತ್ತಿಗೆ ಪ್ರವೇಶವಿದ್ದುದರಿಂದ ಅಲ್ಲಿ ಗೆದ್ದು ಪ್ರಶಸ್ತಿಯನ್ನೇ ಎತ್ತಿಕೊಂಡಿತು! ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಇದೇ ಕ್ಲಬ್ಬಿನ ಹೇಡನ್ ಬಂಟನ್ 1931, 1932 ಮತ್ತು 1935ರಲ್ಲಿ ಪಡೆದರು.

ಎರಡನೆಯ ಮಹಾಯುದ್ಧದ ಬಳಿಕ ಬಡಾವಣೆಯ ರೂಪವೇ ಬದಲಾಯಿತು. ಹಳೆಯ ಕುಟುಂಬಗಳು ನಗರದ ಹೊರವಲಯಕ್ಕೆ ಸರಿದವು. ಅವರ ಮನೆಗಳಿಗೆ ಇಟಲಿಯಿಂದ, ಗ್ರೀಸಿನಿಂದ ವಲಸೆ ಬಂದವರು ಒಕ್ಕಲಾದರು. 1966ರ ಋತು ಮುಗಿದ ಮೇಲೆ ಕ್ಲಬ್ಬು ತನ್ನ ಮೈದಾನವನ್ನೂ ಬಿಟ್ಟಿತು. ಅಲ್ಲಿಂದ ಮುಂದೆ ಮೂವತ್ತು ವರ್ಷ ಬೇರೆಯವರ ಅಂಗಳದಲ್ಲೇ ಬಿಡಾರ: ಪ್ರಿನ್ಸಸ್ ಪಾರ್ಕ್, ಜಂಕ್ಷನ್ ಓವಲ್, ವಿಕ್ಟೋರಿಯಾ ಪಾರ್ಕ್, ಮತ್ತೆ ಪ್ರಿನ್ಸಸ್ ಪಾರ್ಕ್, ಕೊನೆಗೆ ವೆಸ್ಟರ್ನ್ ಓವಲ್. ಒಂದು ಕಡೆ ಆಟಗಾರರ ಸಂಬಳ ಏರುತ್ತಿತ್ತು. ಇನ್ನೊಂದು ಕಡೆ ಸ್ವಂತ ಮೈದಾನದ ಆದಾಯವಿಲ್ಲ. ಸಾಲ ಬೆಳೆಯಿತು.

1989ರಲ್ಲಿ ಫುಟ್‌ಸ್ಕ್ರೇ ಕ್ಲಬ್ಬಿನೊಡನೆ ಇದನ್ನು ವಿಲೀನಗೊಳಿಸುವ ಏರ್ಪಾಡಾಯಿತು. ಫುಟ್‌ಸ್ಕ್ರೇ ಜನ ಸುಮ್ಮನಿರಲಿಲ್ಲ. ನ್ಯಾಯಾಲಯಕ್ಕೆ ಹೋದರು, ಮನೆಮನೆಗೆ ತಿರುಗಿ ಚಂದಾ ಎತ್ತಿದರು, ತಮ್ಮ ಕ್ಲಬ್ಬನ್ನು ಉಳಿಸಿಕೊಂಡರು. ಫಿಟ್ಸ್‌ರಾಯ್‌ಗೆ ಅಭಿಮಾನಿಗಳಿಗೇನೂ ಕೊರತೆಯಿರಲಿಲ್ಲ. ಆದರೆ ಅವರು ನಗರದ ತುಂಬ ಚೆದುರಿಹೋಗಿದ್ದರು.

1996ರಲ್ಲಿ ಸಾಲ ಕೊಟ್ಟಿದ್ದ ನೌರು ದ್ವೀಪರಾಷ್ಟ್ರದ ವಿಮಾ ಸಂಸ್ಥೆ ಹಣ ವಸೂಲಿಗೆ ನಿಂತಿತು. ಕ್ಲಬ್ಬು ಆಡಳಿತಾಧಿಕಾರಿಯ ಕೈಗೆ ಹೋಯಿತು. ನಾರ್ತ್ ಮೆಲ್ಬರ್ನ್ ಕ್ಲಬ್ಬಿನೊಡನೆ ಕೂಡುವ ಮಾತುಕತೆ ಮುರಿದುಬಿತ್ತು. ಜುಲೈ 4ರಂದು ಬ್ರಿಸ್ಬೇನ್ ತಂಡದೊಡನೆ ವಿಲೀನ ತೀರ್ಮಾನವಾಯಿತು. ಆಗಸ್ಟ್ 25ರಂದು ಮೆಲ್ಬರ್ನಿನಲ್ಲಿ ನಡೆದ ಕಡೆಯ ಪಂದ್ಯವನ್ನು ನೋಡಲು 48,000ಕ್ಕೂ ಹೆಚ್ಚು ಜನ ಬಂದರು. ತಂಡ 151 ಅಂಕಗಳಿಂದ ಸೋತಿತು. ಜನ ಎದ್ದು ಹೋಗಲಿಲ್ಲ. ಮೈದಾನಕ್ಕಿಳಿದು ಆಟಗಾರರನ್ನು ಬೀಳ್ಕೊಟ್ಟರು. ಸೆಪ್ಟೆಂಬರ್ 1ರಂದು ಪರ್ತ್ ನಗರದಲ್ಲಿ ಆಡಿದ್ದೇ ಲೀಗಿನಲ್ಲಿ ಕಡೆಯ ಆಟ. ಅದು ಲೀಗಿನಲ್ಲಿ ಕ್ಲಬ್ಬಿನ ನೂರನೆಯ ಋತು.

ಬ್ರಿಸ್ಬೇನ್ ಲಯನ್ಸ್ ಎಂಬ ಹೊಸ ಹೆಸರಿನ ತಂಡ 2001, 2002, 2003ರಲ್ಲಿ ಸಾಲಾಗಿ ಗೆದ್ದಿತು. ಸಿಂಹದ ಲಾಂಛನ ಫಿಟ್ಸ್‌ರಾಯ್‌ದೇ, ಹಾಡಿನ ಧಾಟಿಯೂ ಅವರದೇ. ಕೆಲವು ಹಳೆಯ ಅಭಿಮಾನಿಗಳು ಅದನ್ನು ತಮ್ಮದೆಂದೇ ಅಪ್ಪಿಕೊಂಡರು. ಇನ್ನು ಕೆಲವರು ಮತ್ತೆ ಎಂದೂ ಆಟ ನೋಡಲಿಲ್ಲ. ಇದರಲ್ಲಿ ಯಾರು ಸರಿ ಎಂದು ನಾವು ತೀರ್ಪು ಕೊಡಲಾರೆವು.

ಆದರೆ ಕ್ಲಬ್ಬಿನ ಸದಸ್ಯರು ಸಂಸ್ಥೆಯನ್ನು ಮುಚ್ಚಲಿಲ್ಲ. ಸಾಲ ತೀರಿದ ಮೇಲೆಯೂ ಸಭೆ ಸೇರುತ್ತಿದ್ದರು. 2009ರಲ್ಲಿ ಒಂದು ಹವ್ಯಾಸಿ ತಂಡದೊಡನೆ ಕೂಡಿ, ಹಳೆಯ ಹೆಸರಿನಲ್ಲಿ, ಹಳೆಯ ಬಣ್ಣದ ಅಂಗಿ ತೊಟ್ಟು, ಬ್ರನ್ಸ್‌ವಿಕ್ ಬೀದಿಯ ಮೈದಾನಕ್ಕೇ ಮರಳಿದರು. ಅಲ್ಲಿ ಸಂಬಳದ ಆಟಗಾರರಿಲ್ಲ, ಸಾವಿರಾರು ಪ್ರೇಕ್ಷಕರಿಲ್ಲ. ಊರು ಬಿಟ್ಟು ಬಂದು ಬಾಡಿಗೆಯ ಸಭಾಂಗಣಗಳಲ್ಲಿ ಸಂಘ ಕಟ್ಟಿಕೊಂಡ ನಮಗೆ, ಆ ಜನ ಹನ್ನೆರಡು ವರ್ಷ ಆಟವೇ ಇಲ್ಲದೆ ಏಕೆ ಸಭೆ ಸೇರುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.