ಕಾರವಾರದ ಮರಳಿನ ಮೇಲೆ ನಿಂತ ‘ಚಪಲ್’

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ನಿಂತಿರುವ ಸಣ್ಣ ಯುದ್ಧನೌಕೆಯನ್ನು ಜನ ‘ಚಾಪೆಲ್’ ಎಂದೂ ‘ಚಾಪಲ್’ ಎಂದೂ ಕರೆಯುವುದುಂಟು. ಇಂಗ್ಲಿಷ್ ಅಕ್ಷರಗಳ ಮೂಲಕ ಬಂದ ಈ ಉಚ್ಚಾರದ ಹಿಂದಿರುವ ನಿಜವಾದ ಹೆಸರು ‘ಚಪಲ್’, ಅಂದರೆ ಚುರುಕು ನಡೆಯುಳ್ಳದ್ದು ಎಂಬ ಅರ್ಥದ ಸಂಸ್ಕೃತ ಪದ. ಹೆಸರಿನಂತೆ ಚರಿತ್ರೆಯಲ್ಲಿಯೂ ಒಂದು ತಪ್ಪು ನುಸುಳಿದೆ: 1971ರ ಯುದ್ಧದಲ್ಲಿ ಪಾಕಿಸ್ತಾನದ ವಿರುದ್ಧ ಹೋರಾಡಿದ ನೌಕೆ ಇದೇ ಎಂಬ ಮಾತು ಪ್ರಚಲಿತವಾಗಿದ್ದರೂ, ಚಪಲ್ ನೌಕಾಪಡೆಯ ಸೇವೆಗೆ ಸೇರಿದ್ದೇ 1976ರ ನವೆಂಬರ್ 4ರಂದು.

ಈ ತಪ್ಪು ಹುಟ್ಟಿದ್ದು ವಂಶಸಾಮ್ಯದಿಂದ. 1950ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟ ತನ್ನ ಕರಾವಳಿಯ ಕಾವಲಿಗೆಂದು ‘ಪ್ರಾಜೆಕ್ಟ್ 205’ ಎಂಬ ಕ್ಷಿಪಣಿ ದೋಣಿಯನ್ನು ರೂಪಿಸಿತು. ಪಾಶ್ಚಾತ್ಯ ಒಕ್ಕೂಟವಾದ ನ್ಯಾಟೊ ಇದಕ್ಕೆ ರಷ್ಯನ್ ಭಾಷೆಯಲ್ಲಿ ಕಣಜ ಎಂಬರ್ಥದ ‘ಓಸಾ’ ಎಂಬ ಹೆಸರಿಟ್ಟಿತು. ಸುಮಾರು 38 ಮೀಟರ್ ಉದ್ದದ ಒಡಲಿನ ಮೇಲೆ ನಾಲ್ಕು ಹಡಗುನಾಶಕ ಕ್ಷಿಪಣಿಗಳನ್ನು ಹೊತ್ತು, ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹಡಗನ್ನು ದೂರದಿಂದಲೇ ಹೊಡೆದು, ಪ್ರತ್ಯುತ್ತರ ಬರುವ ಮುನ್ನ ವೇಗವಾಗಿ ಹಿಂದಿರುಗುವುದು ಇದರ ಯುದ್ಧಕ್ರಮ. ಅದರ ಪಿ-15 ಕ್ಷಿಪಣಿಯ, ಅಂದರೆ ಪಾಶ್ಚಾತ್ಯರು ‘ಸ್ಟಿಕ್ಸ್’ ಎಂದು ಗುರುತಿಸಿದ ಆಯುಧದ, ಶಕ್ತಿ ಜಗತ್ತಿಗೆ ತಿಳಿದದ್ದು 1967ರ ಅಕ್ಟೋಬರ್ 21ರಂದು. ಆ ದಿನ ಈಜಿಪ್ಟಿನ ಕ್ಷಿಪಣಿ ದೋಣಿಗಳು ಇಸ್ರೇಲಿನ ‘ಐಲಾತ್’ ಎಂಬ ವಿಧ್ವಂಸಕ ನೌಕೆಯನ್ನು ಇದೇ ಕ್ಷಿಪಣಿಗಳಿಂದ ಮುಳುಗಿಸಿದವು.

ಭಾರತಕ್ಕೆ ಈ ಮಾದರಿಯ ಮೊದಲ ಎಂಟು ದೋಣಿಗಳು ‘ವಿದ್ಯುತ್’ ವರ್ಗ ಎಂಬ ಹೆಸರಿನಲ್ಲಿ 1971ರಲ್ಲಿ ಬಂದವು. ಕರಾವಳಿಯ ಕಾವಲಿಗಷ್ಟೇ ಸಾಲುವಷ್ಟು ಇಂಧನ ಹಿಡಿಯುವ ಇವುಗಳನ್ನು ದೊಡ್ಡ ಹಡಗುಗಳಿಗೆ ಕಟ್ಟಿ ದೂರದವರೆಗೆ ಎಳೆದೊಯ್ದು, ಶತ್ರುವಿನ ಬಂದರಿನ ಮೇಲೆಯೇ ಪ್ರಯೋಗಿಸಬಹುದೆಂಬ ಆಲೋಚನೆ ಭಾರತೀಯ ನೌಕಾಪಡೆಯ ನಿಜವಾದ ಸಾಧನೆ, ಏಕೆಂದರೆ ದೋಣಿಯನ್ನು ರೂಪಿಸಿದವರು ಅದಕ್ಕೆ ಗೊತ್ತುಮಾಡಿದ್ದ ಕೆಲಸ ಅದಾಗಿರಲಿಲ್ಲ. ಅದೇ ವರ್ಷದ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ, ‘ಟ್ರೈಡೆಂಟ್’ ಕಾರ್ಯಾಚರಣೆಯಲ್ಲಿ ನಿಪಾತ್, ನಿರ್ಘಾತ್ ಮತ್ತು ವೀರ್ ದೋಣಿಗಳು ಕರಾಚಿಯ ಸಮೀಪ ‘ಖೈಬರ್’ ವಿಧ್ವಂಸಕ ನೌಕೆಯನ್ನೂ, ನೀರಿನಲ್ಲಿ ಹುದುಗಿಸಿದ ಸ್ಫೋಟಕಗಳನ್ನು ತೆರವುಗೊಳಿಸುವ ‘ಮುಹಾಫಿಜ್’ ಎಂಬ ಹಡಗನ್ನೂ ಮುಳುಗಿಸಿದವು. ನಾಲ್ಕು ದಿನಗಳ ಬಳಿಕ ‘ಪೈಥಾನ್’ ಕಾರ್ಯಾಚರಣೆಯಲ್ಲಿ ವಿನಾಶ್ ಎಂಬ ಒಂದೇ ದೋಣಿಯ ಕ್ಷಿಪಣಿ ಕರಾಚಿಯ ತೈಲಾಗಾರಕ್ಕೆ ಬೆಂಕಿ ಹಚ್ಚಿತು. ಡಿಸೆಂಬರ್ 4 ಇಂದಿಗೂ ನೌಕಾಪಡೆಯ ದಿನ.

ಈ ಯಶಸ್ಸೇ ಎರಡನೆಯ ಎಂಟು ದೋಣಿಗಳನ್ನು ತಂದಿತು. ಪ್ರಬಲ್, ಪ್ರಳಯ, ಚಮಕ್, ಚಪಲ್ ಮುಂತಾದ ಹೆಸರು ಹೊತ್ತು 1976-77ರಲ್ಲಿ ಬಂದ ಇವು ಓಸಾದ ಸುಧಾರಿತ ರೂಪಗಳು. ಹಿಂದಿನ ದೋಣಿಗಳ ಪೆಟ್ಟಿಗೆಯಾಕಾರದ ಕ್ಷಿಪಣಿಗೂಡುಗಳ ಬದಲು ಇವುಗಳಲ್ಲಿ ಕೊಳವೆಯಾಕಾರದ ಗೂಡುಗಳಿದ್ದವು. ಕ್ಷಿಪಣಿಯ ರೆಕ್ಕೆಗಳು ಮಡಚಿಕೊಳ್ಳುವಂತಾದುದೇ ಇದಕ್ಕೆ ಕಾರಣ. ಮೂರು ಡೀಸೆಲ್ ಎಂಜಿನುಗಳು, ಹಿಂದೊಂದು ಮುಂದೊಂದು ಜೋಡಿನಳಿಗೆಯ 30 ಮಿಲಿಮೀಟರ್ ತೋಪು, ಸುಮಾರು ಮೂವತ್ತು ಮಂದಿ ಸಿಬ್ಬಂದಿ: ಇಷ್ಟೂ ಆ ಕಿರಿದಾದ ಒಡಲೊಳಗೆ ಅಡಕವಾಗಬೇಕಿತ್ತು. ದ್ರವ ಇಂಧನದಿಂದ ಹಾರುವ ಆ ಕ್ಷಿಪಣಿಯ ಇಂಧನವೂ, ಅದನ್ನು ಉರಿಸುವ ನೈಟ್ರಿಕ್ ಆಮ್ಲದ ಮಿಶ್ರಣವೂ ಮೈಸೋಕಿದರೆ ಅಪಾಯಕಾರಿಯಾದವು. ಹಾಗಾಗಿ ಅದನ್ನು ಸಜ್ಜುಗೊಳಿಸುವ ಕೆಲಸ ಶಾಂತಿಕಾಲದಲ್ಲಿಯೂ ನಿರಪಾಯದ್ದಾಗಿರಲಿಲ್ಲ.

ಚಪಲ್ ಸೇವೆಯಲ್ಲಿದ್ದ ಅವಧಿಯಲ್ಲಿ ಭಾರತದ ನೌಕೆಗಳು ಶತ್ರುವಿನ ಹಡಗಿನ ಮೇಲೆ ಕ್ಷಿಪಣಿ ಹಾರಿಸಬೇಕಾದ ಸಂದರ್ಭ ಒದಗಲಿಲ್ಲ. ಹಾಗೆಂದು ಆ ಸೇವೆಯನ್ನು ಬರಿದೆಂದು ಎಣಿಸುವುದು ಸರಿಯಲ್ಲ, ಏಕೆಂದರೆ 1971ರ ನೆನಪು ಹಸಿಯಾಗಿದ್ದಾಗ ಇಂಥ ದೋಣಿಗಳು ಸನ್ನದ್ಧವಾಗಿದ್ದವೆಂಬುದೇ ಎದುರಾಳಿಯನ್ನು ತಡೆದು ನಿಲ್ಲಿಸುವ ಬಲವಾಗಿತ್ತು. 1980ರ ದಶಕದ ಕೊನೆಯಿಂದ ಇವುಗಳ ಸ್ಥಾನಕ್ಕೆ ಹೊಸ ಹಾಗೂ ದೊಡ್ಡ ‘ವೀರ್’ ವರ್ಗದ ನೌಕೆಗಳು ಬರತೊಡಗಿದವು.

ಚಪಲ್ ನಿವೃತ್ತವಾದದ್ದು 2005ರ ಮೇ 5ರಂದು. ಬನವಾಸಿಯ ಅರಸರ ಹೆಸರು ಹೊತ್ತ ‘ಕದಂಬ’ ನೌಕಾನೆಲೆ ಕಾರವಾರದ ಬಳಿ ಉದ್ಘಾಟನೆಯಾದದ್ದು ಅದೇ ತಿಂಗಳ 31ರಂದು. ಮರುವರ್ಷ ಚಪಲ್ ಕಾರವಾರದಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು. ಉಪ್ಪುಗಾಳಿ ಉಕ್ಕನ್ನು ತಿನ್ನುವ ಅಲ್ಲಿ ಈ ಒಡಲನ್ನು ಉಳಿಸಿಕೊಳ್ಳಲು ನಿರಂತರ ಆರೈಕೆ ಬೇಕು. ಅಷ್ಟೇ ಅಗತ್ಯವಾದದ್ದು ಅದರ ಕತೆಯ ಆರೈಕೆ. ಕರಾಚಿಯ ಕೀರ್ತಿಯನ್ನು ನಿಪಾತ್, ನಿರ್ಘಾತ್, ವೀರ್, ವಿನಾಶ್‌ಗಳಿಗೇ ಬಿಟ್ಟು, ಚಪಲ್‌ಗೆ ಅದರದೇ ಆದ ಇಪ್ಪತ್ತೆಂಟೂವರೆ ವರ್ಷಗಳ ಕಾವಲನ್ನು ಸಲ್ಲಿಸುವುದು ನ್ಯಾಯ.