ಮನೆಯೊಳಗೊಂದು ಮನೆ: ಹಾರ್ವಿಂಗ್ಟನ್ ಹಾಲ್

ಇಂಗ್ಲೆಂಡಿನ ವೂಸ್ಟರ್‌ಷೈರ್ ಪ್ರಾಂತ್ಯದ ಕಿಡರ್‌ಮಿನ್‌ಸ್ಟರ್ ಪಟ್ಟಣದ ಸಮೀಪ ಹಾರ್ವಿಂಗ್ಟನ್ ಹಾಲ್ ಎಂಬ ಹಳೆಯ ಜಮೀನ್ದಾರರ ಮನೆಯೊಂದಿದೆ. ಸುತ್ತಲೂ ನೀರು ತುಂಬಿದ ಕಂದಕ. ನೀರಿನಂಚಿನಿಂದಲೇ ಎದ್ದು ನಿಂತ ಕೆಂಪು ಇಟ್ಟಿಗೆಯ ಗೋಡೆಗಳು. ಅವುಗಳ ಮೇಲೆ ಕಡಿದಾದ ಛಾವಣಿ, ಎತ್ತರದ ಹೊಗೆಗೂಡುಗಳು. ಮಧ್ಯಯುಗದ ಹಳೆಯ ಕಟ್ಟಡವನ್ನು ಒಡಲಲ್ಲಿಟ್ಟುಕೊಂಡೇ ಈ ಮನೆಯನ್ನು 1580ರ ದಶಕದಲ್ಲಿ ಕಟ್ಟಿಸಿದವನು ಹಂಫ್ರಿ ಪ್ಯಾಕಿಂಗ್ಟನ್. ಆತ ಕಥೋಲಿಕ.

ಅಂದಿನ ಇಂಗ್ಲೆಂಡಿನಲ್ಲಿ ಅದು ಅಪಾಯದ ಮಾತು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ 1585ರಲ್ಲಿ ಬಂದ ಕಾಯಿದೆಯ ಪ್ರಕಾರ, ಹೊರದೇಶದಲ್ಲಿ ಗುರುದೀಕ್ಷೆ ಪಡೆದ ಯಾಜಕನು ನಾಡಿನಲ್ಲಿ ಕಂಡುಬಂದರೆ ಅದು ರಾಜದ್ರೋಹ. ಅವನಿಗೆ ಆಶ್ರಯ ನೀಡಿದವರಿಗೂ ಮರಣದಂಡನೆ. (ಅದಕ್ಕೂ ಮುಂಚೆ ಕಥೋಲಿಕ ರಾಣಿ ಮೇರಿಯ ಕಾಲದಲ್ಲಿ 280ಕ್ಕೂ ಹೆಚ್ಚು ಪ್ರೊಟೆಸ್ಟೆಂಟರನ್ನು ಜೀವಂತ ಸುಡಲಾಗಿತ್ತೆಂಬುದನ್ನೂ ನಾವು ಮರೆಯಲಾಗದು.) ದೇವಾಲಯಗಳು ಕೈತಪ್ಪಿದ ಮೇಲೆ ಬಲಿಪೂಜೆ ಇಂತಹ ಮನೆಗಳ ಅಟ್ಟ ಸೇರಿತು. ಹಾರ್ವಿಂಗ್ಟನ್ನಿನ ಪುಟ್ಟ ಪ್ರಾರ್ಥನಾಕೋಣೆಯ ಗೋಡೆಗಳ ಮೇಲೆ ಇಂದಿಗೂ ಕೆಂಪು ಮತ್ತು ಬಿಳಿ ಹನಿಗಳ ಸಾಲುಗಳನ್ನು ಕಾಣಬಹುದು. ಅವು ಶಿಲುಬೆಯ ಮೇಲೆ ಯೇಸುವಿನ ಪಕ್ಕೆಯಿಂದ ಹರಿದ ರಕ್ತ ಹಾಗೂ ನೀರಿನ ಕುರುಹು.

ಈ ಮನೆಯಲ್ಲಿ ಯಾಜಕರು ಅಡಗುವ ಏಳು ತಾಣಗಳು ಉಳಿದಿವೆ. ಇಂಗ್ಲೆಂಡಿನ ಬೇರಾವ ಮನೆಯಲ್ಲೂ ಇಷ್ಟಿಲ್ಲ. ಅವುಗಳಲ್ಲಿ ಅತ್ಯಂತ ಜಾಣತನದ ನಾಲ್ಕು ತಾಣಗಳಿರುವುದು ದೊಡ್ಡ ಮೆಟ್ಟಿಲಸಾಲಿನ ಆಸುಪಾಸಿನಲ್ಲಿ. ಒಂದೆಡೆ ಮೆಟ್ಟಿಲ ಹಲಗೆಗಳನ್ನೇ ಮೇಲೆತ್ತಿದರೆ ಒಳಗೊಂದು ಗೂಡು. ಇನ್ನೊಂದೆಡೆ ಬೆಂಕಿಗೂಡಿನಂತೆ ತೋರುವುದು ಬೆಂಕಿಗೂಡೇ ಅಲ್ಲ. ಅದರ ಹೊಗೆಗೊಳವೆ ಅಟ್ಟಕ್ಕೆ ಹತ್ತುವ ದಾರಿ. ಡಾಕ್ಟರ್ ಡಾಡ್‌ನ ಗ್ರಂಥಾಲಯವೆಂದು ಕರೆಯುವ ಕೋಣೆಯಲ್ಲಂತೂ, ಇಟ್ಟಿಗೆ ಗೋಡೆಯ ಭಾರ ಹೊತ್ತಂತೆ ಕಾಣುವ ಮರದ ಕಂಬವೊಂದು ತಿರುಗಣಿಯ ಮೇಲೆ ಸರಿದು ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಡುತ್ತದೆ.

ಹುಡುಕಲು ಬರುವವರೇನೂ ದಡ್ಡರಲ್ಲ. ಗೋಡೆಗಳನ್ನು ಒಳಗೂ ಹೊರಗೂ ಅಳೆದು ಲೆಕ್ಕ ಹೊಂದದ ಕಡೆ ಒಡೆಯುತ್ತಿದ್ದರು. ಹಲಗೆಗಳನ್ನು ತಟ್ಟಿ ಸದ್ದು ಕೇಳುತ್ತಿದ್ದರು. ಆದ್ದರಿಂದ ಬರಿಯ ಮರದ ಹೊದಿಕೆಯ ಹಿಂದೆ ಬಚ್ಚಿಟ್ಟರೆ ಪ್ರಯೋಜನವಿಲ್ಲ. ನೆಲಗಳು ಏರುಪೇರಾಗುವಲ್ಲಿ, ಮೆಟ್ಟಿಲು ತಿರುಗುವಲ್ಲಿ, ಗೋಡೆಯ ದಪ್ಪದೊಳಗೆ, ಅಂದರೆ ಅಳತೆ ತಾನಾಗಿಯೇ ತಪ್ಪುವ ಕಡೆ ಜಾಗ ಹುಡುಕಬೇಕು. ಒಂದರಂತೆ ಇನ್ನೊಂದು ಇರಲೂಬಾರದು. ಒಂದು ಸಿಕ್ಕರೆ ಉಳಿದವೂ ಸಿಕ್ಕಂತೆಯೇ.

ಈ ನಾಲ್ಕು ತಾಣಗಳನ್ನು ಮಾಡಿದವರು ನಿಕೊಲಾಸ್ ಓವೆನ್ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವರು ಸಹಿ ಹಾಕುವ ಕೆಲಸಗಾರರಲ್ಲ, ಕೈಗುಣವೇ ಗುರುತು. ಆಕ್ಸ್‌ಫರ್ಡಿನ ಬಡಗಿಯ ಮಗ, ಗಿಡ್ಡ ಆಳು, ಯೇಸುಸಭೆಯ ಸಹೋದರ. ಹಗಲಿನಲ್ಲಿ ಎಲ್ಲರೂ ಕಾಣುವಂತೆ ಸಾಮಾನ್ಯ ಮರಗೆಲಸ. ರಾತ್ರಿ ಒಬ್ಬರೇ ಕುಳಿತು ಗುಪ್ತ ಕೆಲಸ. ಸುಮಾರು 18 ವರ್ಷ ಅವರು ಹೀಗೆ ದುಡಿದರು. 1606ರ ಜನವರಿಯಲ್ಲಿ ಅದೇ ಪ್ರಾಂತ್ಯದ ಹಿಂಡ್ಲಿಪ್ ಎಂಬ ಮನೆಯನ್ನು ಸೈನಿಕರು ಮುತ್ತಿದಾಗ ಓವೆನ್ ಮತ್ತು ಇನ್ನೊಬ್ಬ ಸಹೋದರ ಹಸಿವೆ ತಾಳಲಾರದೆ ಅಡಗುತಾಣದಿಂದ ಹೊರಬಂದರು. ಅದೇ ಮನೆಯ ಬೇರೊಂದು ಗೂಡಿನಲ್ಲಿ ಇಬ್ಬರು ಗುರುಗಳಿದ್ದರು. ಹೊಗೆಗೂಡಿನ ಗೋಡೆಯಲ್ಲಿ ತೂರಿಸಿದ ಕೊಳವೆಯ ಮೂಲಕ ಮನೆಯ ಹೆಂಗಸರು ಅವರಿಗೆ ಗಂಜಿಯಂತಹ ಪಾನೀಯ ಉಣಿಸುತ್ತಿದ್ದರು. ಕೆಲವು ದಿನಗಳಲ್ಲಿ ಅವರೂ ಸಿಕ್ಕಿಬಿದ್ದರು. ಓವೆನ್ನರನ್ನು ಲಂಡನ್ನಿನ ಗೋಪುರ ಸೆರೆಮನೆಯಲ್ಲಿ ಹಿಂಸಿಸಲಾಯಿತು. ಎಷ್ಟೋ ಮನೆಗಳ ಗುಟ್ಟು ಅವರೊಬ್ಬರ ತಲೆಯಲ್ಲಿತ್ತು. ಅವರು ಯಾವೊಂದನ್ನೂ ಹೇಳಲಿಲ್ಲ. ಆ ಹಿಂಸೆಯಲ್ಲೇ ಮಾರ್ಚ್ ತಿಂಗಳಲ್ಲಿ ಪ್ರಾಣಬಿಟ್ಟರು. 1970ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಸಂತರೆಂದು ಘೋಷಿಸಿದರು.

ನನ್ನ ಮನಸ್ಸು ಮಾತ್ರ ಹೆಸರಿಲ್ಲದವರ ಕಡೆಗೇ ಹೋಗುತ್ತದೆ. ಅಡುಗೆಯವಳು ಒಂದು ತಟ್ಟೆ ಹೆಚ್ಚಿಗೆ ಇಟ್ಟದ್ದನ್ನು ಹಿತ್ತಿಲಲ್ಲಿ ಆಡದಿದ್ದರೆ, ಕುದುರೆಯಾಳು ರಾತ್ರಿ ಬಂದ ಅತಿಥಿಯ ಮಾತನ್ನು ಪೇಟೆಯಲ್ಲಿ ಎತ್ತದಿದ್ದರೆ ಮಾತ್ರ ಆ ಕಂಬದ ತಿರುಗಣಿಗೆ ಬೆಲೆ.

ಮುಂದೆ ಮನೆ ಮದುವೆಯ ಸಂಬಂಧದಿಂದ ಕೋಟನ್ ಕೋರ್ಟಿನ ಥ್ರಾಕ್‌ಮಾರ್ಟನ್ ವಂಶಕ್ಕೆ ಸೇರಿತು, ಕ್ರಮೇಣ ಪಾಳುಬಿತ್ತು. 1923ರಲ್ಲಿ ದಾನಿಯೊಬ್ಬರು ಅದನ್ನು ಕೊಂಡು ಬರ್ಮಿಂಗ್‌ಹ್ಯಾಮ್ ಮಹಾಧರ್ಮಕ್ಷೇತ್ರಕ್ಕೆ ಒಪ್ಪಿಸಿದರು; ದುರಸ್ತಿಯಾಯಿತು. ಆ ದೊಡ್ಡ ಮೆಟ್ಟಿಲಸಾಲನ್ನು ಅಷ್ಟರಲ್ಲಾಗಲೇ ಕಿತ್ತು ಕೋಟನ್ ಕೋರ್ಟಿಗೆ ಸಾಗಿಸಲಾಗಿತ್ತು. ಇಂದು ಹಾರ್ವಿಂಗ್ಟನ್ನಿಗೆ ಹೋದವರು ಹತ್ತುವುದು ಅದರ ಪಡಿಯಚ್ಚನ್ನು. ಸುತ್ತಲಿನ ಅಡಗುತಾಣಗಳು ಮಾತ್ರ ಹಳೆಯವೇ.